ತಂಗಳು, ಅಂಬಲಿ, ಹುರಿಹಿಟ್ಟು: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಹೊತ್ತಾರೆ ಊಟ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಹಳ್ಳಿಗಳಲ್ಲಿ ಬೆಳಗಿನ ಊಟವನ್ನು ಬಹುಕಾಲ ಹೆಚ್ಚಾಗಿ ಬೆಳಿಗ್ಗೆ ಬೇಯಿಸುತ್ತಿರಲಿಲ್ಲ. ರಾತ್ರಿ ಉಳಿಸಿದ ರಾಗಿಮುದ್ದೆ ನೀರಿನಲ್ಲೋ ಮಜ್ಜಿಗೆಯಲ್ಲೋ ನೆನೆದಿರುತ್ತಿತ್ತು, ಇಲ್ಲವೆ ಗಡಿಗೆಯಲ್ಲಿ ಅಂಬಲಿ ಹುಳಿ ಬಂದಿರುತ್ತಿತ್ತು. ಇವೆರಡೂ ಇಲ್ಲದ ದಿನ ನವಣೆಯ, ಸಾಮೆಯ ತಂಗಳನ್ನ. ದನ ಬಿಡುವ ಹೊತ್ತಿಗೆ, ಕುಂಟೆ ಕಟ್ಟುವ ಹೊತ್ತಿಗೆ ಅದನ್ನು ಕಿವುಚಿ ಉಪ್ಪು ಹಾಕಿಕೊಂಡು, ಈರುಳ್ಳಿಯನ್ನೋ ಹಸಿಮೆಣಸಿನಕಾಯಿಯನ್ನೋ ಕಚ್ಚುತ್ತ ಉಂಡು ಏಳಲು ಐದು ನಿಮಿಷ ಸಾಕು. ‘ತಿಂಡಿ’ ಎಂಬ ಮಾತು ಇಲ್ಲಿಗೆ ಆಮೇಲೆ ಬಂದದ್ದು. ಮೊದಲು ಇದ್ದದ್ದು ಹೊತ್ತಾರೆ ಊಟ. ಅದರ ಶೀಘ್ರತೆ ಬೆಳಗಿನ ಕೈಚಳಕದ್ದಲ್ಲ. ಹಿಂದಿನ ದಿನದ, ಹಿಂದಿನ ಸುಗ್ಗಿಯ ದುಡಿಮೆ ಬೆಳಗಿನ ಹೊತ್ತಿಗೆ ಸಿದ್ಧ ಊಟವಾಗಿ ಒದಗುತ್ತಿತ್ತು.

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಸೇರುತ್ತವೆ. ಪಶ್ಚಿಮ ಘಟ್ಟದ ಮಳೆನೆರಳು ಇಲ್ಲಿಯವರೆಗೂ ಚಾಚಿದೆ. ವೇದಾವತಿಯ ದಂಡೆಯನ್ನೂ ಕೆರೆಗಳ ಕೆಳಗಿನ ಗದ್ದೆಗಳನ್ನೂ ಬಿಟ್ಟರೆ ಭತ್ತಕ್ಕೆ ಜಾಗವಿಲ್ಲ. ಕೆಂಪು ಮರಳುಮಣ್ಣು, ಕಲ್ಲುಗುಡ್ಡ, ಕುರುಚಲು ಕಾವಲು, ಬಂದರೆ ಬಂತು ಎನ್ನುವ ಮಳೆ: ಇಷ್ಟರಲ್ಲಿ ಬದುಕುವ ಕಾಳುಗಳೇ ಇಲ್ಲಿನ ಊಟವನ್ನು ತೀರ್ಮಾನಿಸಿದವು. ರಾಗಿ, ನವಣೆ, ಸಾಮೆ, ಸಜ್ಜೆ, ಹಾರಕ, ಕೊರಲೆ, ಎರೆಭೂಮಿ ಇದ್ದಲ್ಲಿ ಜೋಳ. ಇವುಗಳ ಸಾಲಿನ ನಡುವೆ ಅಕ್ಕಡಿಯಾಗಿ ಅವರೆ, ತೊಗರಿ, ಅಲಸಂದೆ. ಒಂದು ಕೈಕೊಟ್ಟರೂ ಇನ್ನೊಂದು ಕೈಹಿಡಿಯಲಿ ಎಂಬ ಲೆಕ್ಕ ಅದು.

ಈ ಕಾಳುಗಳಲ್ಲಿ ಎಲ್ಲವೂ ಇಲ್ಲಿನವಲ್ಲ ಎಂಬುದಕ್ಕೆ ಸಾಕ್ಷಿ ನೆಲದಡಿ ಸಿಕ್ಕಿದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಹೆಸರು ಹೊರಗಿನವರಿಗೆ ತಿಳಿದದ್ದು ಅಶೋಕನ ಶಾಸನದಿಂದ. ಬಿ. ಎಲ್. ರೈಸ್ 1892ರಲ್ಲಿ ಅದನ್ನು ಪತ್ತೆಮಾಡಿದರು. ಶಾಸನದಲ್ಲಿ ಬರುವ ಇಸಿಲ ಎಂಬ ಪಟ್ಟಣ ಇದೇ ಪರಿಸರದ್ದು. ಆದರೆ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನ ತೋರಿಸಿಕೊಟ್ಟಂತೆ ಅಶೋಕನಿಗಿಂತ ಬಹಳ ಮೊದಲೇ ನಯಮಾಡಿದ ಕಲ್ಲಿನ ಕೊಡಲಿಯ ಜನ ಆ ಗುಡ್ಡದ ಬುಡದಲ್ಲಿ ನೆಲೆಸಿದ್ದರು. ಅದೇ ಸಂಸ್ಕೃತಿಗೆ ಸೇರಿದ, ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಸುಟ್ಟು ಕರಿಕಾದ ಕಾಳುಗಳು ಸಿಕ್ಕಿವೆ. ಪುರಾಸಸ್ಯ ಶಾಸ್ತ್ರಜ್ಞ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಅವನ್ನು ಪರೀಕ್ಷಿಸಿದಾಗ ದಖ್ಖನಿನ ನವಶಿಲಾಯುಗದ ಮುಖ್ಯ ಆಹಾರ ಯಾವುದೆಂಬುದು ಗೊತ್ತಾಯಿತು: ಕೊರಲೆ, ನವಣೆಯ ಜಾತಿಯ ಇನ್ನೊಂದು ಹುಲ್ಲುಕಾಳು, ಹುರುಳಿ, ಹೆಸರು. ರಾಗಿ, ಜೋಳ, ಸಜ್ಜೆ ಆಫ್ರಿಕದಿಂದ ಬಂದು ಸೇರಿದವು. ನವಣೆಯ ಮೂಲ ಚೀನ. ಈಗ ಬಡವರ ಕಾಳು ಎನ್ನಿಸಿಕೊಂಡು ಬಹುತೇಕ ಮರೆಯಾಗಿರುವ ಕೊರಲೆಯೇ ಈ ನೆಲದ ಹಳೆಯ ಮನೆಯೊಡತಿ. ಹುಣಸೆಮರದ ನೆರಳಲ್ಲೂ ಬೆಳೆಯುವ, ಸುಮಾರು ಎರಡೂವರೆ ತಿಂಗಳಲ್ಲಿ ಕೊಯ್ಲಿಗೆ ಬರುವ ಈ ಕಾಳು ಚಿತ್ರದುರ್ಗ, ತುಮಕೂರು, ಅನಂತಪುರಗಳ ಗಡಿಹಳ್ಳಿಗಳಲ್ಲಿ ಹೆಚ್ಚಾಗಿ ಉಳಿದುಕೊಂಡಿತು.

ಹೆಸರಿನ ಗೊಂದಲವೂ ಈ ಗಡಿಗೇ ಸೇರಿದ್ದು. ಇಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು. ಕನ್ನಡದವರು ಕೊರಲೆ ಎಂದರೆ ಒಂದು ಕಾಳು; ಗಡಿಯಾಚೆಯ ರಾಯದುರ್ಗದ ಸಂತೆಯಲ್ಲಿ ಕೊರ್ರಲು ಎಂದು ಕೇಳಿದರೆ ಅಳೆದು ಕೊಡುವುದು ನವಣೆ. ಕೊರಲೆಯೇ ಬೇಕಾದರೆ ಅಲ್ಲಿ ಅಂಡು ಕೊರ್ರಲು ಎನ್ನಬೇಕು.

ಹದಿನಾರನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಹಚ್ಚಿದ್ದಾರೆ. ಹಾರಕ, ಬರಗು, ಸಾಮೆ, ನವಣೆಗಳೂ ಆ ಕಾವ್ಯದಲ್ಲಿ ಬರುತ್ತವೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ರಾಮ ರಾಗಿಯ ಪರ ತೀರ್ಪು ಕೊಡುತ್ತಾನೆ. ಹಗೇವು ತೆಗೆದು ನೋಡಿದವರಿಗೆ ಈ ಕತೆ ಕಟ್ಟುಕತೆಯಂತೆ ಕೇಳುವುದಿಲ್ಲ. ಹಗೇವು ಎಂದರೆ ಗಟ್ಟಿನೆಲದಲ್ಲಿ ತೋಡಿದ, ಬಾಯಿ ಕಿರಿದು ಹೊಟ್ಟೆ ಹಿರಿದಾದ ಕಣಜ. ಒಳಗೆ ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದು. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರಲಿಲ್ಲವೆಂದಾದ ಮೇಲೆ ಆಳು ಇಳಿಯುವುದು.

ಕಾಳಿನ ಸಂಗ್ರಹ ಎಷ್ಟು ದೊಡ್ಡ ಮಾತು ಎಂಬುದಕ್ಕೆ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯೇ ಸಾಕ್ಷಿ. 1695ರ ಕೊನೆಯಲ್ಲಿ ಮರಾಠ ಸೇನಾನಿ ಸಂತಾಜಿ ಘೋರ್ಪಡೆ ಬೆನ್ನಟ್ಟಿದಾಗ ಮೊಗಲ್ ಸರದಾರ ಖಾಸಿಂ ಖಾನನ ದಂಡು ಅಲ್ಲಿನ ಸಣ್ಣ ಕೋಟೆಯೊಳಗೆ ಸಿಕ್ಕಿಬಿದ್ದಿತು. ಮೊದಲ ದಿನ ಮೇಲಿನವರು ಕೆಳಗಿನವರೆನ್ನದೆ ಉಗ್ರಾಣದ ಜೋಳ, ಸಜ್ಜೆಯ ರೊಟ್ಟಿ ತಿಂದರೆಂದು ಚರಿತ್ರಕಾರರು ಬರೆದಿದ್ದಾರೆ. ಅಷ್ಟಕ್ಕೇ ಉಗ್ರಾಣ ಬರಿದಾಯಿತು. ದಂಡು ಶರಣಾಯಿತು, ಖಾಸಿಂ ಖಾನ್ ಅಲ್ಲೇ ಸತ್ತ. ಪೋಲಾವು ತಿನ್ನುವ ದಂಡಿಗೆ ಈ ಸೀಮೆ ಬಡಿಸಿದ್ದು ತನ್ನ ಎಂದಿನ ರೊಟ್ಟಿಯನ್ನೇ.

ಬೆಳಗಿನ ಊಟದ ನಿಜವಾದ ಕಷ್ಟ ಒಲೆಯ ಮುಂದೆ ಇರಲಿಲ್ಲ, ಒರಳಿನ ಮುಂದೆ ಇತ್ತು. ನವಣೆ, ಸಾಮೆ, ಹಾರಕ, ಕೊರಲೆಗಳ ಕಾಳಿಗೆ ಮೇಲೊಂದು ಗಟ್ಟಿ ಸಿಪ್ಪೆ. ಒಣಗಿಸಿದ ಕಾಳನ್ನು ಒರಳಿಗೆ ಸುರಿದು ಇಬ್ಬರು ಎದುರುಬದುರು ನಿಂತು ಒನಕೆ ಹಾಕಬೇಕು. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ. ಒಂದಿಷ್ಟು ಕುಟ್ಟಿದ ಮೇಲೆ ಮೊರಕ್ಕೆ ತೆಗೆದು ಕೇರಿ ಹೊಟ್ಟು ಹಾರಿಸಿ, ಮತ್ತೆ ಒರಳಿಗೆ. ಹೀಗೆ ಮೂರು ನಾಲ್ಕು ಸಲ. ಜೋರಾಗಿ ಕುಟ್ಟಿದರೆ ನುಚ್ಚಾಗುತ್ತದೆ, ಮೆಲ್ಲಗೆ ಕುಟ್ಟಿದರೆ ಸಿಪ್ಪೆ ಬಿಡದು. ಹಾರಕವಂತೂ ಎಲ್ಲಕ್ಕಿಂತ ಹಟಮಾರಿ. ಇಷ್ಟಾದರೂ ಒಳಗಿನ ತೌಡಿನ ಪದರ ಬಹುಪಾಲು ಕಾಳಿಗೇ ಅಂಟಿ ಉಳಿಯುತ್ತಿತ್ತು. ನಾರು, ಖನಿಜ, ಎಣ್ಣೆಯಂಶ ಇರುವುದು ಅದರಲ್ಲೇ. ರಾಗಿಯದು ಬೇರೆ ದಾರಿ. ಅದರ ಕೆಂಪು ಸಿಪ್ಪೆ ಒಳತಿರುಳಿಗೆ ಬಿಗಿಯಾಗಿ ಕಚ್ಚಿಕೊಂಡಿರುವುದರಿಂದ ಬಿಡಿಸಲು ಸುಲಭವಾಗಿ ಬಾರದು. ಬೀಸಿದರೆ ಸಿಪ್ಪೆ ಸಮೇತ ಹಿಟ್ಟು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದ್ದು, ಅದರಲ್ಲಿ ದೊಡ್ಡ ಪಾಲು ಆ ಸಿಪ್ಪೆಯಲ್ಲೇ ಇದೆ. ಇಡೀ ಕಾಳು ತಿನ್ನಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇರೆ ಥರ ತಿನ್ನಲು ಬರುತ್ತಲೇ ಇರಲಿಲ್ಲ.

ಬೀಸುವ ಕೆಲಸ ಕೋಳಿ ಕೂಗುವ ಮೊದಲಿನದು. ಬೀಸುವ ಪದ, ಕುಟ್ಟುವ ಪದಗಳು ಹುಟ್ಟಿದ್ದು ಈ ಕತ್ತಲ ಹೊತ್ತಿನ ದುಡಿಮೆಯಲ್ಲಿ. ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಕಾಡುಗೊಲ್ಲ ಬುಡಕಟ್ಟಿನ ಹಾಡುಗಾರ್ತಿ ಸಿರಿಯಜ್ಜಿ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆಯವರು.

ಅಂಬಲಿಗೆ ರಾಗಿಹಿಟ್ಟನ್ನು ಸಂಜೆಯೇ ನೀರಿನಲ್ಲಿ ಕಲಸಿ ಮಡಕೆಯಲ್ಲಿ ಮುಚ್ಚಿಡುವುದುಂಟು. ಬೆಳಿಗ್ಗೆ ಕುದಿಯುವ ನೀರಿಗೆ ಸುರಿದು ಗಂಟು ಕಟ್ಟದಂತೆ ತಿರುವಿ ಇಳಿಸಿದರೆ ಆಯಿತು. ರಾತ್ರಿಯೇ ಕಾಸಿ ಹುಳಿಗೆ ಬಿಡುವವರೂ ಇದ್ದರು. ಬೇಸಗೆಯಲ್ಲಿ ಹುಳಿ ಬೇಗ, ಚಳಿಯಲ್ಲಿ ತಡ. ಹಿಂದಿನ ದಿನದ ಮಡಕೆಯನ್ನು ಚೆನ್ನಾಗಿ ತೊಳೆಯದೆ ಬಿಟ್ಟರೆ ಇನ್ನೂ ಬೇಗ. ಹುಳಿ ಬರಿಸುವ ಸೂಕ್ಷ್ಮಜೀವಿಗಳು ಕಾಳಿನಲ್ಲಿ ಖನಿಜಗಳನ್ನು ಹಿಡಿದಿಡುವ ಫೈಟೇಟನ್ನು ತಗ್ಗಿಸುವುದರಿಂದ ಕಬ್ಬಿಣ, ಸುಣ್ಣದಂಶ ಮೈಗೆ ಹತ್ತುವುದು ಸುಲಭವಾಗುತ್ತದೆ. ಅಂಬಲಿಗೆ ಬೇಕಾದ ಮಜ್ಜಿಗೆಗೆ ಬರವಿರಲಿಲ್ಲ. ಕಾಡುಗೊಲ್ಲರ ಹಟ್ಟಿಗಳೂ ದೇವರೆತ್ತುಗಳನ್ನು ಸಾಕುವ ಮ್ಯಾಸಬೇಡರ ಹಟ್ಟಿಗಳೂ ಈ ಎರಡು ತಾಲ್ಲೂಕುಗಳಲ್ಲಿ ದಟ್ಟವಾಗಿವೆ. ಎರಡೂ ಪಶುಪಾಲಕ ಬುಡಕಟ್ಟುಗಳು. ಹಾಲು, ಮಜ್ಜಿಗೆ, ತುಪ್ಪ ಅವರ ಬಾಳಿನ ಭಾಗ.

ಬೆಳಿಗ್ಗೆ ಬೆಂಕಿಯೇ ಬೇಡದ ಇನ್ನೊಂದು ಆಹಾರವೆಂದರೆ ಹುರಿಹಿಟ್ಟು. ರಾಗಿಯನ್ನು ತೊಳೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಕಾಳು ನೀರು ಹೀರಿದ ಮೇಲೆ ಮೇಲ್ಮೈ ಆರುವಷ್ಟು ಹರವುತ್ತಾರೆ. ಬಾಣಲೆಯಲ್ಲಿ ಮರಳು ಕಾಸಿ ಹಿಡಿ ಹಿಡಿಯಾಗಿ ರಾಗಿ ಹಾಕಿದರೆ ಒಂದೆರಡು ಕ್ಷಣದಲ್ಲಿ ಚಟಪಟ ಸಿಡಿದು ಸಾಸಿವೆಯಂಥ ಕಾಳು ಬಿಳಿ ಅರಳಾಗುತ್ತದೆ. ತಡಮಾಡಿದರೆ ಸೀದು ಕಹಿ. ಮರಳನ್ನು ಜರಡಿ ಹಿಡಿದು ಅರಳನ್ನು ಬೀಸಿಟ್ಟುಕೊಂಡರೆ ವಾರಗಟ್ಟಲೆ ಬಾಳುತ್ತದೆ. ಕುರಿ ಹಿಂದೆ ಹೋಗುವವನು ಒಂದು ಹಿಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಹಾಲಿಗೋ ಮಜ್ಜಿಗೆಗೋ ಕಲಸಿ ಉಣ್ಣಬಹುದು. ಬೆಲ್ಲ ಇದ್ದರೆ ಉಂಟು, ಇಲ್ಲದಿದ್ದರೆ ಉಪ್ಪು. ಸಿಹಿ ಬೆರೆಸಿದ ತಂಬಿಟ್ಟು ಹಬ್ಬದ್ದು, ಆರತಿಯದ್ದು. ಗೌರಸಮುದ್ರದ ಮಾರಮ್ಮನ ಜಾತ್ರೆಯಂಥ ದಿನಗಳಿಗೆ ಮೀಸಲು. ದಿನದ ಹೊತ್ತಾರೆಗೆ ಸಿಹಿ ಅಪರೂಪ.

ಇದೆಲ್ಲವನ್ನೂ ಹೊಗಳಿ ಬರೆಯುವಾಗ ಬರಗಾಲವನ್ನು ಮರೆಯುವಂತಿಲ್ಲ. ಧಾತು, ಈಶ್ವರ ಸಂವತ್ಸರಗಳ ಬರವೆಂದೇ ಹೆಸರಾದ 1876–78ರ ಕ್ಷಾಮದಲ್ಲಿ ಹಗೇವುಗಳೂ ಬರಿದಾದವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿಯಿತು. ತಂಗಳು ಎಷ್ಟೋ ಮನೆಗಳಲ್ಲಿ ಆಯ್ಕೆಯ ಮಾತಾಗಿರಲಿಲ್ಲ. ರಾತ್ರಿ ಉಳಿದರೆ ತಾನೆ ಬೆಳಿಗ್ಗೆ ತಂಗಳು?

ಇಪ್ಪತ್ತನೆಯ ಶತಮಾನದಲ್ಲಿ ಎಂಜಿನ್ನಿನ ಹಿಟ್ಟಿನ ಗಿರಣಿ ಬಂದದ್ದು ರಾಗಿಗೆ ಅನುಕೂಲವಾಯಿತು. ಡಬ್ಬಿ ಹೊತ್ತು ಹೋಗಿ ಮಿಷನ್ನಿಗೆ ಹಾಕಿಸಿಕೊಂಡು ಬಂದರೆ ವಾರದ ಹಿಟ್ಟು ಸಿದ್ಧ. ಬೀಸುಕಲ್ಲು ಮೂಲೆ ಸೇರಿತು, ಅದರ ಜೊತೆ ಪದಗಳೂ. ನವಣೆ, ಸಾಮೆಗಳಿಗೆ ಆ ಗಿರಣಿಯಿಂದ ಉಪಯೋಗವಾಗಲಿಲ್ಲ. ಅವುಗಳ ಸಿಪ್ಪೆ ಬಿಡಿಸುವ ಯಂತ್ರ ಆಗ ಹಳ್ಳಿಗೆ ಬರಲೇ ಇಲ್ಲ, ಒನಕೆ ಹಿಡಿಯುವ ಕೈಗಳು ಬೇಸತ್ತವು. ಕಿರುಧಾನ್ಯದ ಅವನತಿಗೆ ಅಕ್ಕಿಯ ಆಸೆಯನ್ನು ಕಾರಣ ಹೇಳುವುದು ರೂಢಿ; ಹೆಂಗಸರ ಈ ಬೇಸರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡವರು ಕಡಿಮೆ.

ಹೊಲದಲ್ಲಿ ಅವುಗಳ ಜಾಗ ಹಿಡಿದದ್ದು ಶೇಂಗಾ. ದಕ್ಷಿಣ ಅಮೆರಿಕದಿಂದ ಬಂದ ಈ ಕಾಯಿಗೆ ಕೆಂಪು ಮರಳುಮಣ್ಣು ಹಿಡಿಸಿತು, ಕೈಗೆ ಕಾಸೂ ಬಂತು. ಎಣ್ಣೆ ಮಿಲ್ಲುಗಳ ಸಾಲಿನಿಂದ ಚಳ್ಳಕೆರೆ ‘ಎರಡನೇ ಮುಂಬಯಿ’ ಎನ್ನಿಸಿಕೊಂಡಿತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಾಂತ್ರಿಕ ಮಿಷನ್ ಆರಂಭಿಸಿದ್ದು ಈ ಒಲವಿಗೆ ಇನ್ನಷ್ಟು ಬಲ ಕೊಟ್ಟಿತು. ಶೇಂಗಾ ಚಟ್ನಿಪುಡಿಯಾಗಿ ಹೊತ್ತಾರೆಯ ತಟ್ಟೆಗೂ ಬಂತು. ಜೊತೆಗಿರಬೇಕಾದ ನವಣೆ ಮಾತ್ರ ಇಲ್ಲವಾಯಿತು. ಆ ಖಾಲಿ ಜಾಗಕ್ಕೆ ಪಡಿತರದ ಅಕ್ಕಿ ಬಂತು. ಗಡಿಯಾಚೆಯ ಆಂಧ್ರದಲ್ಲಿ 1983ರಲ್ಲೇ ಎರಡು ರೂಪಾಯಿಗೆ ಕಿಲೋ ಅಕ್ಕಿ. ಕರ್ನಾಟಕದ ಅನ್ನಭಾಗ್ಯ ಯೋಜನೆಯಲ್ಲಿ 2013ರ ಜುಲೈಯಲ್ಲಿ ಒಂದು ರೂಪಾಯಿಗೆ ಸಿಗತೊಡಗಿತು. ರಾತ್ರಿಯ ಅನ್ನ ಉಳಿದರೆ ಬೆಳಿಗ್ಗೆ ಚಿತ್ರಾನ್ನ; ಇಲ್ಲದಿದ್ದರೆ ಉಪ್ಪಿಟ್ಟು, ಮಂಡಕ್ಕಿ ಒಗ್ಗರಣೆ. ಹಳೆಯ ತಂಗಳಿನ ಪದ್ಧತಿ ಉಳಿಯಿತು, ಕಾಳು ಬದಲಾಯಿತು.

ಸಕ್ಕರೆಯ ದಾರಿ ಇನ್ನೊಂದು. ಅಮೆರಿಕದಲ್ಲಿ ಜೇಮ್ಸ್ ಕ್ಯಾಲೆಬ್ ಜ್ಯಾಕ್ಸನ್ 1863ರಲ್ಲಿ ಮಾಡಿದ ‘ಗ್ರಾನ್ಯುಲ’ ಎಂಬ ಮೊದಲ ಸಿದ್ಧ ಧಾನ್ಯತಿಂಡಿ ಎಷ್ಟು ಗಟ್ಟಿಯಾಗಿತ್ತೆಂದರೆ ಅದನ್ನು ರಾತ್ರಿಯೇ ನೆನೆಹಾಕಬೇಕಿತ್ತು. ನಮ್ಮ ತಂಗಳಿನ ದೂರದ ಬಂಧು ಎನ್ನಬಹುದು. ಬ್ಯಾಟಲ್ ಕ್ರೀಕ್‌ನ ಆರೋಗ್ಯಧಾಮದಲ್ಲಿ ಕೆಲಾಗ್ ಸೋದರರು 1894ರಲ್ಲಿ ಗೋಧಿಯ ಫ್ಲೇಕ್ಸ್ ಮಾಡಿದರು. 1906ರಲ್ಲಿ ಸೋದರರಲ್ಲಿ ಕಿರಿಯವನು ಕಂಪನಿ ಕಟ್ಟಿದ. ರೋಗಿಗಳಿಗೆಂದು ಹುಟ್ಟಿದ ಆ ತಿಂಡಿಗೆ 1952ರ ಹೊತ್ತಿಗೆ ಸಕ್ಕರೆಯ ಲೇಪ ಬಂದಿತ್ತು. ಭಾರತದ ಮಾರುಕಟ್ಟೆಗೆ ಆ ಕಂಪನಿ ಕಾಲಿಟ್ಟದ್ದು 1994ರಲ್ಲಿ. ಆದರೆ ಚಳ್ಳಕೆರೆಯ ಹಳ್ಳಿಗಳ ಬೆಳಗಿಗೆ ಸಕ್ಕರೆ ತಂದದ್ದು ಆ ಕಂಪನಿಯ ಡಬ್ಬಿಯಲ್ಲ. ಅದಕ್ಕಿಂತ ಬಹಳ ಮೊದಲೇ ಬಂದ ಚಾ ಲೋಟ, ಅದಕ್ಕೆ ಅದ್ದುವ ಬನ್ನು, ಪೊಟ್ಟಣದ ಬಿಸ್ಕತ್ತು. ಅಂಬಲಿಯ ಗಡಿಗೆ ಹಿಂದೆ ಸರಿದದ್ದು ಚಾ ಪಾತ್ರೆಯ ಮುಂದೆ.

ಕಾಳುಗಳ ಮಾನ ತಿರುಗಿದ್ದು ಇತ್ತೀಚೆಗೆ, ಅದೂ ಊರಿನಿಂದಲ್ಲ, ಪೇಟೆಯಿಂದ. ಕಿರುಧಾನ್ಯ, ತೃಣಧಾನ್ಯ ಎನ್ನುತ್ತಿದ್ದವು ‘ಸಿರಿಧಾನ್ಯ’ವಾದವು. 2018ನ್ನು ಕೇಂದ್ರ ಸರ್ಕಾರ ರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದೂ 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ವರ್ಷವೆಂದೂ ಘೋಷಿಸಿದವು. ರಾಜ್ಯದ ‘ರೈತ ಸಿರಿ’ ಯೋಜನೆ 2019ರಿಂದ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಗೊತ್ತುಮಾಡಿತು. ಸಿಪ್ಪೆ ಬಿಡಿಸುವ ಯಂತ್ರಗಳೂ ಕೊನೆಗೆ ಬಂದವು; ಒನಕೆ ಮಾಡುತ್ತಿದ್ದ ಅರ್ಧ ದಿನದ ಕೆಲಸ ಗಂಟೆಗಳಲ್ಲಿ ಮುಗಿಯುವಂತಾಯಿತು. ಒಂದು ತೊಡಕೆಂದರೆ, ಗಿರಾಕಿಗೆ ಬೆಳ್ಳಗೆ ಕಾಣಲೆಂದು ಹೆಚ್ಚು ಪಾಲಿಷ್ ಕೊಟ್ಟರೆ ತೌಡು ಹಾರಿ ನವಣಕ್ಕಿಗೂ ಅಕ್ಕಿಗೂ ವ್ಯತ್ಯಾಸ ಕಡಿಮೆಯಾಗುತ್ತದೆ. ಪೊಟ್ಟಣದಲ್ಲಿ ಬರುವ ನವಣೆ ಅವಲಕ್ಕಿ, ಸಾಮೆ ರವೆಯ ಉಪ್ಪಿಟ್ಟು ಹದಿನೈದು ನಿಮಿಷದಲ್ಲಿ ಆಗುತ್ತದೆ. ಅಂಬಲಿಗಿಂತ ಅದು ಹತ್ತು ನಿಮಿಷ ತಡ, ಬೆಲೆ ಹಲವು ಪಾಲು ಹೆಚ್ಚು.

ಶಾಲೆಯ ಮಕ್ಕಳಿಗೆ ಹಳೆಯ ಹೊತ್ತಾರೆ ಊಟ ಬೇರೆ ರೂಪದಲ್ಲಿ ಸಿಗುತ್ತಿದೆ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯ ಹಾಲಿಗೆ 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ರಾಗಿಮಾಲ್ಟ್ ಬೆರೆಸಿ ಕೊಡುವ ಯೋಜನೆ ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಜಾರಿಗೆ ಬಂತು. ಬಿಸಿ ಹಾಲಿಗೆ ಹಿಟ್ಟು ಸುರಿದು, ಗಂಟು ಕಟ್ಟದಂತೆ ತಿರುವಿ, ಲೋಟಗಳಿಗೆ ಹುಯ್ಯುತ್ತಾರೆ.