ಒಂದು ಹೆಸರಿಗೆ ಮರಣದಂಡನೆ



ಬಾಡಿಗೆ ಮನೆ ಕೇಳೋಕೆ ಹೋದಾಗಲೆಲ್ಲ ನನಗೆ ಎದುರಾಗೋ ಪ್ರಶ್ನೆ ಒಂದೇ: "ಪೂರ್ತಿ ಹೆಸರು ಏನು?" ನನಗಿರೋದು ಊರಿನದೊಂದು, ಅಪ್ಪನದೊಂದು ಇನಿಷಿಯಲ್. ಅದರಲ್ಲಿ ಜಾತಿ ಸಿಗದಿದ್ರೆ ಅವರಿಗೆ ಸಮಾಧಾನ ಇಲ್ಲ. ಅದಕ್ಕೇ ಏನೋ, ಸ್ಕಾಟ್ಲೆಂಡಿನ ಒಂದು ಸರ್‌ನೇಮ್‌ನ ಚರಿತ್ರೆ ಓದಿದ ಮೇಲೆ ಅದು ತಲೆಯಿಂದ ಹೋಗ್ತಾನೇ ಇಲ್ಲ.

ಆ ಹೆಸರು ಮ್ಯಾಕ್‌ಗ್ರೆಗರ್. ಗೇಲಿಕ್ ಭಾಷೆಯಲ್ಲಿ 'ಮ್ಯಾಕ್' ಅಂದ್ರೆ ಮಗ. ಗ್ರೆಗರ್‌ನ ಮಗ ಮ್ಯಾಕ್‌ಗ್ರೆಗರ್, ಅಷ್ಟೇ. ಗುಡ್ಡಗಾಡಿನ ಗ್ಲೆನ್‌ಆರ್ಕಿ, ಗ್ಲೆನ್‌ಸ್ಟ್ರೇ ಕಣಿವೆಗಳಲ್ಲಿ ಈ ಕುಲದವರು ತಲೆಮಾರುಗಳಿಂದ ಬದುಕಿದ್ದರು. ಆದರೆ ರಾಜಮುದ್ರೆಯ ಹಕ್ಕುಪತ್ರಗಳು ಪಕ್ಕದ ಬಲಾಢ್ಯ ಕ್ಯಾಂಪ್‌ಬೆಲ್ ಕುಲದ ಕೈಸೇರಿದವು. ಬದುಕಿದ್ದು ಇವರು, ಕಾಗದ ಅವರದು. ಈ ಕಥೆ ನಮಗೆ ಹೊಸದಾ?

ನೆಲ ತಪ್ಪಿದವರು ದನ ಕದ್ದರು, ಹೊಡೆದಾಡಿದರು. ಅವರೇನು ಸಾಧುಗಳಲ್ಲ. 1603ರ ಫೆಬ್ರವರಿಯಲ್ಲಿ ಗ್ಲೆನ್ ಫ್ರೂಯಿನ್ ಕಣಿವೆಯಲ್ಲಿ ಕಾಹೂನ್ ಕುಲದವರನ್ನ ಸೋಲಿಸಿ, ತುಂಬಾ ಜನರನ್ನ ಕೊಂದರು. ಕೊಂದವರನ್ನ ಶಿಕ್ಷಿಸೋದು ಬೇರೆ. ಆದರೆ ರಾಜ ಆರನೇ ಜೇಮ್ಸ್‌ನ ಆಡಳಿತ ಹೆಸರನ್ನೇ ಶಿಕ್ಷಿಸಿತು. 1603ರ ಏಪ್ರಿಲ್ 3ರಂದು, ಅಂದ್ರೆ ಅವನು ಇಂಗ್ಲೆಂಡಿನ ಗದ್ದುಗೆಗಾಗಿ ಎಡಿನ್‌ಬರೋ ಬಿಡೋಕೆ ಎರಡು ದಿನ ಮುಂಚೆ, ಆದೇಶ ಬಂತು: ಮ್ಯಾಕ್‌ಗ್ರೆಗರ್ ಅನ್ನೋ ಹೆಸರು ರದ್ದು, ಇಟ್ಟುಕೊಂಡರೆ ಸಾವು. ಮುಂದಿನ ವರ್ಷ ಅವರ ಮುಖಂಡ ಅಲಾಸ್ಟೇರ್‌ನನ್ನ ಎಡಿನ್‌ಬರೋದಲ್ಲಿ ಗಲ್ಲಿಗೇರಿಸಿದರು. ಆಮೇಲೆ ನಾಲ್ಕು ಜನಕ್ಕಿಂತ ಹೆಚ್ಚು ಸೇರಬಾರದು ಅಂತಾನೂ ಕಟ್ಟಳೆ ಬಂತು.

ಯೋಚನೆ ಮಾಡಿ. ಕದ್ದವನಿಗೂ ತೊಟ್ಟಿಲ ಕೂಸಿಗೂ ಒಂದೇ ಕಾನೂನು. ಹುಟ್ಟೇ ಅಪರಾಧ.

ಜೀವ ಉಳಿಸಿಕೊಳ್ಳೋಕೆ ಅವರು ಗ್ರಾಂಟ್, ಮರ್ರೆ, ಸ್ಟುವರ್ಟ್, ಡ್ರಮಂಡ್ ಆದರು. ಕೆಲವರು ಕ್ಯಾಂಪ್‌ಬೆಲ್ ಅಂತಲೂ ಇಟ್ಟುಕೊಂಡರು, ತಮ್ಮ ನೆಲ ನುಂಗಿದವರ ಹೆಸರನ್ನೇ! 1661ರಲ್ಲಿ ಎರಡನೇ ಚಾರ್ಲ್ಸ್ ನಿಷೇಧ ತೆಗೆದ. 1693ರಲ್ಲಿ ಮತ್ತೆ ಹೇರಿದರು. ಕಥೆ, ಸಿನಿಮಾಗಳಲ್ಲಿ ಮೆರೆಯೋ ರಾಬ್ ರಾಯ್ ಮ್ಯಾಕ್‌ಗ್ರೆಗರ್ ಕೂಡ ತಾಯಿ ಕಡೆಯ ಕ್ಯಾಂಪ್‌ಬೆಲ್ ಹೆಸರಲ್ಲೇ ಓಡಾಡಬೇಕಾಯ್ತು. ನಿಷೇಧ ಪೂರ್ತಿ ಹೋಗಿದ್ದು 1774ರಲ್ಲಿ. ಅಷ್ಟೊತ್ತಿಗೆ ರಾಬ್ ರಾಯ್ ಸತ್ತು 40 ವರ್ಷ ಆಗಿತ್ತು.

ಹೆಸರು ವಾಪಸ್ ಬಂತು, ಕಳೆದ ನೆಲ ಬರಲಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ನಿಷೇಧ ಹೋದ ಮೇಲೆ ಆ ಕುಲ ತನ್ನ ಮುಖ್ಯಸ್ಥ ಅಂತ ಒಪ್ಪಿಕೊಂಡ ಜಾನ್ ಮರ್ರೆ, ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು. ತುಳಿತ ಉಂಡವರೆಲ್ಲ ತಾವಾಗೇ ತುಳಿತಕ್ಕೊಳಗಾದವರ ಪಕ್ಕ ನಿಲ್ಲಲ್ಲ. ಇದು ನಮಗೂ ಎಚ್ಚರಿಕೆ.

ಅವರ ಕಥೆ ಬೇರೆ, ನಮ್ಮದು ಬೇರೆ. ಅವರು ಹೆಸರು ಬದಲಿಸಿಕೊಂಡು ಜನರೊಳಗೆ ಬೆರೆತು ಬದುಕಬಹುದಿತ್ತು. ನಾವು ಏನೇ ಹೆಸರಿಟ್ಟುಕೊಂಡರೂ "ಯಾವ ಕೇರಿ?" ಅಂತ ಕೇಳ್ತಾರೆ. ಅಲ್ಲಿ ಹೆಸರನ್ನ ಅಳಿಸಿದರು, ಇಲ್ಲಿ ಅಂಟಿಸಿದರು. ಆದರೆ ಎರಡರ ಬುಡದಲ್ಲೂ ಇರೋದು ನೆಲ. ಜೀವಮಾನವಿಡೀ ಬೇರೆಯವರ ಹೊಲ ಉತ್ತ ನನ್ನಜ್ಜನ ಹೆಸರು ಯಾವ ಪಹಣಿಯಲ್ಲೂ ಇಲ್ಲ.

ಅದಕ್ಕೇ ಮಕ್ಕಳಿಗೆ ಚಂದದ ಹೆಸರಿಡಿ, ತಲೆ ಎತ್ತಿ ಹೇಳೋಕೆ ಕಲಿಸಿ. ಅದರ ಜೊತೆಗೇ ಆ ಹೆಸರು ಪಹಣಿಯಲ್ಲಿ ಬರೋ ತನಕ ಹೋರಾಟ ಬಿಡಬೇಡಿ.

ಜೈಭೀಮ್.