ಸೇನಾ ಬಿಡುಗಡೆಯ ದರ್ಜೆ ತಿದ್ದುಪಡಿ (ಅಮೆರಿಕ)

ಅಮೆರಿಕದ ಸೇನೆಯಿಂದ ಕಳಂಕದ ಬಿಡುಗಡೆ ಪತ್ರ ಪಡೆದ ಮಾಜಿ ಯೋಧರು ಅದರ ದರ್ಜೆ ಏರಿಸುವಂತೆ ಕೋರುವ ಕಾನೂನುಬದ್ಧ ಪ್ರಕ್ರಿಯೆ. ದರ್ಜೆ ಕೆಳಗಿದ್ದರೆ ಶಿಕ್ಷಣ ನೆರವು ಕೈತಪ್ಪುತ್ತದೆ. ನೌಕರಿ ಸಿಗುವುದೂ ಕಷ್ಟ.

1944ರ ಜಿ.ಐ. ಬಿಲ್ ಎಂಬ ಮಾಜಿ ಯೋಧರ ನೆರವಿನ ಕಾಯ್ದೆ ಇದಕ್ಕಾಗಿ ಪರಿಶೀಲನಾ ಮಂಡಳಿಗಳಿಗೆ ಅವಕಾಶ ಕಲ್ಪಿಸಿತು. ಬಿಡುಗಡೆಯಾದ 15 ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು; ಅವಧಿ ಮೀರಿದವರಿಗೆ ಸೇನಾ ದಾಖಲೆ ತಿದ್ದುಪಡಿ ಮಂಡಳಿಯೇ ದಾರಿ. ಯುದ್ಧದ ಆಘಾತದಿಂದ ಮಾನಸಿಕವಾಗಿ ನಲುಗಿದವರ ಅರ್ಜಿಗಳನ್ನು ಉದಾರವಾಗಿ ಪರಿಗಣಿಸಬೇಕೆಂದು ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ 2014ರಲ್ಲಿ ಸೂಚಿಸಿದರು.

ನ್ಯಾಯ ತಡವಾದುದಕ್ಕೆ ಕಹಿ ನಿದರ್ಶನ ಟೆಕ್ಸಾಸ್‌ನ ಬ್ರೌನ್ಸ್‌ವಿಲ್ ಪ್ರಕರಣ. 1906ರಲ್ಲಿ ಊರಿನ ಮೇಲೆ ಗುಂಡು ಹಾರಿಸಿದ ಆರೋಪ ಹೊರಿಸಿ, ವಿಚಾರಣೆಯನ್ನೇ ನಡೆಸದೆ, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 167 ಕಪ್ಪು ಯೋಧರನ್ನು ವಜಾಗೊಳಿಸಿದರು. 1972ರಲ್ಲಿ ಸೇನೆ ಅವರಿಗೆ ಗೌರವಯುತ ಬಿಡುಗಡೆ ನೀಡಿದಾಗ ಬಹುತೇಕರು ತೀರಿಕೊಂಡಿದ್ದರು. ಬದುಕಿದ್ದ ಡಾರ್ಸಿ ವಿಲ್ಲಿಸ್‌ಗೆ ಮುಂದೆ 25,000 ಡಾಲರ್ ಪರಿಹಾರ ದೊರೆಯಿತು.