ಕೋ-ಆಪರೇಟಿವ್: ನಡುವಿನ ಸಣ್ಣ ಗೆರೆ



ನಿಮ್ಮೂರಿನ ಸೊಸೈಟಿಯ ಬೋರ್ಡನ್ನು ದಿನವೂ ನೋಡುತ್ತೀರಿ. ಅದರಲ್ಲಿ ಇಂಗ್ಲಿಷಿನ ‘ಕೋ-ಆಪರೇಟಿವ್’ ಎಂಬ ಪದವಿದ್ದರೆ ಅದರ ನಡುವೆ ಒಂದು ಸಣ್ಣ ಅಡ್ಡಗೆರೆ ಇರುವುದುಂಟು. ಬ್ಯಾಂಕಿನಲ್ಲಿ ಲೆಡ್ಜರು ಬರೆದ ಗುಮಾಸ್ತನಾದ್ದರಿಂದ ಗೆರೆಗಳ ಮೇಲೆ ನನ್ನ ಕಣ್ಣು ಬೇಗ ಬೀಳುತ್ತದೆ. ಈ ಗೆರೆ ಏಕೆ ಬಂತು, ಕೇಳಿ.

‘ಕೋ’ ಎಂದರೆ ಲ್ಯಾಟಿನ್ ಮೂಲದಲ್ಲಿ ‘ಜೊತೆಗೆ’. ‘ಆಪರೇಟ್’ ಎಂದರೆ ಕೆಲಸ ಮಾಡುವುದು. ನಮ್ಮ ‘ಸಹಕಾರ’ದ ಅರ್ಥವೂ ಅದೇ. ಆದರೆ ಇಂಗ್ಲಿಷಿನಲ್ಲಿ ಇವೆರಡನ್ನು ಕೂಡಿಸಿದರೆ ‘ಓ’ ಅಕ್ಷರ ಎರಡು ಸಲ ಒಟ್ಟಿಗೆ ಬರುತ್ತದೆ. ಜೋಡಿ ‘ಓ’ ಕಂಡವರು ‘ಸ್ಕೂಲ್’, ‘ಮೂನ್’ ಎಂಬಂತೆ ‘ಊ’ ಎಂದು ಓದಿಬಿಡುತ್ತಾರೆ. ಕನ್ನಡದಲ್ಲಿ ಎರಡು ಸ್ವರ ಎದುರಾದರೆ ನಡುವೆ ಯಕಾರವೋ ವಕಾರವೋ ಬರುತ್ತದೆ. ‘ಮನೆ’ಗೆ ‘ಅನ್ನು’ ಸೇರಿ ‘ಮನೆಯನ್ನು’ ಆಗುತ್ತದೆ. ಇಂಗ್ಲಿಷ್ ಬರವಣಿಗೆಗೆ ಆ ಅನುಕೂಲವಿಲ್ಲ; ಅದಕ್ಕೇ ಗೆರೆ ಎಳೆದರು. ಅಮೆರಿಕದ ‘ನ್ಯೂಯಾರ್ಕರ್’ ಪತ್ರಿಕೆಯವರು ಗೆರೆಯ ಬದಲು ಎರಡನೆಯ ‘ಓ’ ತಲೆಯ ಮೇಲೆ ಎರಡು ಚುಕ್ಕೆ ಇಡುತ್ತಾರೆ.

ಪದವನ್ನು ಮೊಟಕು ಮಾಡಿದಾಗ ಗೆರೆಯ ಬೆಲೆ ಗೊತ್ತಾಗುತ್ತದೆ. ಗೆರೆ ಇದ್ದರೆ ‘ಕೋ-ಆಪ್’, ಅಂದರೆ ಸಹಕಾರ ಸಂಘ. ಗೆರೆ ತೆಗೆದರೆ ‘ಕೂಪ್’, ಅಂದರೆ ಕೋಳಿಗೂಡು!

1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನ 28 ಜನ, ನೇಕಾರರೂ ಇತರ ಕಸುಬಿನವರೂ, ತಲಾ ಒಂದು ಪೌಂಡ್ ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆ ಮಾರುವ ಅಂಗಡಿ ತೆರೆದರು. ನಮ್ಮ ದೇಶಕ್ಕೆ ಈ ಪದ 1904ರ ಕಾಯಿದೆಯ ಹೆಸರಿನಲ್ಲಿ ಗೆರೆ ಸಮೇತ ಬಂತು. ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಸಂವಿಧಾನದ 2011ರ ತಿದ್ದುಪಡಿಯಲ್ಲೂ ಪದದ ನಡುವೆ ಗೆರೆ ಇತ್ತು. ವಿಶ್ವಸಂಸ್ಥೆ ಮಾತ್ರ 2025ನ್ನು ಸಹಕಾರ ಸಂಘಗಳ ವರ್ಷವೆಂದು ಸಾರಿದಾಗ ಗೆರೆ ಇಲ್ಲದೆ ಬರೆಯಿತು. ಎರಡೂ ಸರಿಯೇ. ಆದರೆ ಚೆಕ್ಕಿನ ಮೇಲೆ, ನಿಮ್ಮ ಸಂಘ ಹೇಗೆ ನೋಂದಣಿಯಾಗಿದೆಯೋ ಹಾಗೆಯೇ ಬರೆಯಿರಿ.

ಕಾಸರಗೋಡಿನ ಕಡೆಯವರಿಗೆ ‘ಕ್ಯಾಂಪ್ಕೋ’ ಗೊತ್ತು. ಕರ್ನಾಟಕ, ಕೇರಳ ಎರಡೂ ಕಡೆಯ ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ಸಂಸ್ಥೆ. ಆ ಹೆಸರಿನ ಕೊನೆಯ ‘ಕೋ’ ಇದೇ ಪದದ ಮುಂಭಾಗ. ರಾಜ್ಯಗಳ ನಡುವೆ ಗಡಿಗೆರೆ ಬಿದ್ದರೂ ‘ಜೊತೆಗೆ’ ಎಂಬುದು ಉಳಿಯಿತು.

ಬೋರ್ಡಿನ ಮೇಲೆ ಗೆರೆ ಇರಲಿ, ಬಿಡಲಿ, ಸದಸ್ಯರಾದ ನೀವು ವಾರ್ಷಿಕ ಮಹಾಸಭೆಗೆ ಹೋಗಿ, ಲೆಕ್ಕ ಕೇಳಿ. ನೀವು ಸುಮ್ಮನೆ ಮನೆಯಲ್ಲಿ ಕುಳಿತರೆ ಕೊನೆಗೆ ಉಳಿಯುವುದು ಕೋಳಿಗೂಡೇ.